ಗ್ಲೋಬು, ಹೊಲಿಗೆ ದಾರ, ಹದಿನೇಳು ಗಂಟೆ: ನನ್ನ ಅನುಭವ

ಮೈಸೂರಿನಲ್ಲಿ ಟಿಕೆಟ್ ಬುಕಿಂಗ್ ಮಾಡುವ ನಮಗೆಲ್ಲ ಗೊತ್ತು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ಹಿರಿಯರು ಮೊದಲು ರೇಟು ಕೇಳುತ್ತಾರೆ, ಆಮೇಲೆ "ಎಷ್ಟು ಹೊತ್ತು ಕೂರಬೇಕಪ್ಪಾ?" ಅಂತಾರೆ. ನಾನು ಗ್ಲೋಬಿನ ಮೇಲೆ ದಾರ ಹಿಡಿದು ತೋರಿಸುತ್ತೇನೆ. "ಸ್ಕ್ರೀನ್ ಮೇಲೆ ಗಂಟೆ ಬರುತ್ತಲ್ಲಾ, ದಾರ ಯಾಕೆ ಸಾರ್?" ಅಂದಿದ್ದ ಇದೇ ಲೈನಿನ ಗೆಳೆಯರು ಈಗ ಫೋನ್ ಮಾಡಿ ನನ್ನನ್ನೇ ಕೇಳುತ್ತಾರೆ.

ಮೊದಲು ಗೋಡೆ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗೆರೆ ಆಫ್ರಿಕಾ, ಅಟ್ಲಾಂಟಿಕ್ ಮೇಲೆ ಹೋಯಿತು. ನಿಜವಾದ ಹತ್ತಿರದ ದಾರಿ ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾ ಕಡೆಯಿಂದ ಇಳಿಯುತ್ತೆ. ಮ್ಯಾಪ್ ಬಿಟ್ಟೆ. ಮುನ್ನೂರು ರೂಪಾಯಿಯ ಗ್ಲೋಬ್ ತಂದರೆ ಎರಡು ಹೋಳು ಅಂಟಿಸಿದ ಕಡೆ ದೇಶಗಳೇ ಕೂಡಿರಲಿಲ್ಲ. ಆ ದುಡ್ಡು ಹೋಯ್ತು. ಆಮೇಲೆ ಸುಮಾರು ಎರಡು ಸಾವಿರ ಕೊಟ್ಟು 30 ಸೆಂಟಿಮೀಟರ್ ಅಡ್ಡಳತೆಯದು ತಂದೆ. ಹೂ ಕಟ್ಟುವ ದಾರ ಸಡಿಲ, ಉಲ್ಲನ್ ಹಿಗ್ಗುತ್ತೆ. ಗಟ್ಟಿ ಹೊಲಿಗೆ ದಾರವೇ ಸರಿ.

ಗ್ಲೋಬಿನ ಸುತ್ತಳತೆ 94 ಸೆಂಟಿಮೀಟರ್, ಭೂಮಿಯದು 40,000 ಕಿಲೋಮೀಟರ್. ಒಂದು ಸೆಂಟಿಮೀಟರಿಗೆ ಹತ್ತತ್ರ 425. ಸ್ಯಾನ್ ಫ್ರಾನ್ಸಿಸ್ಕೋಗೆ ದಾರ 33 ಸೆಂಟಿಮೀಟರ್ ಬಂತು, ಅಂದರೆ 14,000 ಕಿಲೋಮೀಟರ್. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ನೇರ ವಿಮಾನ ಶುರು ಮಾಡಿದಾಗ ಹೇಳಿದ್ದೂ ಅಷ್ಟೇ ದೂರ. ಆಗ ಮೊದಲ ಸಲ ಅಲ್ಲಿಂದ ಬಂದದ್ದು ಮಹಿಳಾ ಪೈಲಟ್‌ಗಳೇ, ಅದೂ ಉತ್ತರ ಧ್ರುವದ ಮೇಲೆ! ವಿಮಾನದ ವೇಗ ಗಂಟೆಗೆ 850 ಕಿಲೋಮೀಟರ್ ಅಂತ ಹಿಡಿದು ದೂರವನ್ನು ಅದರಿಂದ ಭಾಗಿಸಿ, ವಿಮಾನ ಏರೋಕೆ ಇಳಿಯೋಕೆ ಅರ್ಧ ಗಂಟೆ ಸೇರಿಸಿ. ಹದಿನೇಳು ಗಂಟೆ.

ಗಾಳಿ ಬೇರೆ ಇದೆ. ಮೇಲೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಲಂಡನ್‌ಗೆ ಹೋಗುವಾಗ ಬರುವಾಗಿಗಿಂತ ಒಂದು ಗಂಟೆ ಹತ್ತಿರ ಹೆಚ್ಚು ಹಿಡಿಯುತ್ತೆ. ಯಾವ ತಿಂಗಳಿಗೆ ಎಷ್ಟು ಕೂಡಿಸಬೇಕು ಅನ್ನೋ ಪಟ್ಟಿ ನನ್ನ ಹತ್ತಿರವೇ ಇರಲಿ.

ಸುಮ್ನೆ ಒಂದು ಸಂಜೆ ಕನೆಕ್ಷನ್ ವಿಮಾನಗಳನ್ನೂ ಅಳೆದೆ. ಹಾಂಗ್‌ಕಾಂಗ್ ಮೇಲೆ 15,100, ದುಬೈ ಮೇಲೆ 15,700, ಫ್ರಾಂಕ್‌ಫರ್ಟ್ ಮೇಲೆ 16,500, ಸಿಂಗಪುರ ಮೇಲೆ 16,700. ಫ್ರಾಂಕ್‌ಫರ್ಟೇ ನೇರ ಅಂತ ನಾವೆಲ್ಲ ಹೇಳಿಕೊಂಡು ಬಂದಿದ್ದೆವು, ಅಲ್ವಾ? ಒಂದು ಮಾತು: ದಾರಕ್ಕೆ ಮುಚ್ಚಿದ ಆಕಾಶ ಗೊತ್ತಾಗಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ದಾರಿ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಸುತ್ತು ಹೊಡೆದವು.

ಕೊನೆಗೆ ಒಂದು ಚೀಟಿ ಬರೆದುಕೊಡುತ್ತೇನೆ. ಮೈಸೂರಿಂದ ಬೆಂಗಳೂರು ಏರ್‌ಪೋರ್ಟಿಗೆ ಫ್ಲೈಬಸ್ಸಿನಲ್ಲಿ ನಾಲ್ಕು ಗಂಟೆ, ಚೆಕ್-ಇನ್‌ಗೆ ಮೂರು, ನೇರ ಹಾರಾಟವಾದರೆ ಹದಿನೇಳು, ಅಲ್ಲಿ ಇಮಿಗ್ರೇಷನ್‌ಗೆ ಎರಡು. ಒಟ್ಟು ಇಪ್ಪತ್ತಾರು. ಸಕ್ಕರೆ ಕಾಯಿಲೆಯವರು ಅದನ್ನು ಡಾಕ್ಟರಿಗೆ ತೋರಿಸಿ ಇನ್ಸುಲಿನ್ ಹೊತ್ತು ಬರೆಸಿಕೊಳ್ಳಲಿ ಅಂತ ಎಲ್ಲವನ್ನೂ ಭಾರತದ ಟೈಮಿನಲ್ಲೇ ಹಾಕುತ್ತೇನೆ, ಪಕ್ಕದಲ್ಲಿ ಅಲ್ಲಿನ ಟೈಮು. ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಈ ಚೀಟಿಗೆ ಇನ್ನೂರು ರೂಪಾಯಿ ಬೇರೆ ತಗೋತೀನಿ. ಇದುವರೆಗೆ ಯಾರೂ ಚೌಕಾಸಿ ಮಾಡಿಲ್ಲ.