ಕೀರ್ತನೆಗೆ ಸ್ವರ ಕಟ್ಟಿದವರ ಬದುಕನ್ನು ಹುಡುಕುವುದು ಹೇಗೆ?

ನಮ್ಮ ಗಾಯಕವೃಂದದ ಹುಡುಗರಿಗೆ ನಾನು ಮೊದಲು ಹೇಳುವುದಿಷ್ಟು: ಇಂಗ್ಲಿಷ್ ಕೀರ್ತನೆಯ, ಅಂದರೆ ಚರ್ಚಿನಲ್ಲಿ ಹಾಡುವ ಭಕ್ತಿಗೀತೆಯ, ಸಾಹಿತ್ಯ ಬರೆದವರು ಹೆಚ್ಚಾಗಿ ಬೇರೆ, ಸ್ವರ (ಹಾಡುವ ಧಾಟಿ) ಕಟ್ಟಿದವರು ಬೇರೆ. ಸ್ವರಕ್ಕೂ ಒಂದು ಹೆಸರಿರುತ್ತದೆ, ಅದನ್ನೇ ಹಿಡಿದು ಹುಡುಕಿ.

'ಹೋಲಿ, ಹೋಲಿ, ಹೋಲಿ' ತೆಗೆಯಿರಿ. ಸ್ವರ 'ನೈಸಿಯಾ', 1861. ಕಟ್ಟಿದವರು ಜಾನ್ ಬ್ಯಾಕಸ್ ಡೈಕ್ಸ್. ಈಗ ಆ ಇಸವಿಯ ಹಿಂದುಮುಂದು ನೋಡಿ. 1823ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಹುಟ್ಟಿದರು. ಅಜ್ಜ ಪಾದ್ರಿಯಾಗಿದ್ದ ಚರ್ಚಿನಲ್ಲೇ ಬಾಲ್ಯದಲ್ಲಿ ಆರ್ಗನ್ ನುಡಿಸಿದರು. 1849ರಲ್ಲಿ ಡರ್ಹಮ್ ಕೆಥೆಡ್ರಲ್‌ನ ಗಾಯನದ ಹೊಣೆ, 1862ರಲ್ಲಿ ಅಲ್ಲಿನ ಸೇಂಟ್ ಆಸ್ವಾಲ್ಡ್ ಚರ್ಚಿನ ಪಾದ್ರಿ.

ಇಷ್ಟಕ್ಕೇ ನಿಲ್ಲಬೇಡಿ, ಜಗಳಗಳನ್ನೂ ಓದಿ! ಆರಾಧನಾ ವಿಧಿಗಳ ವಿಷಯದಲ್ಲಿ ಬಿಷಪ್ ಜೊತೆ ವಿರಸ ಬೆಳೆದು, ಡೈಕ್ಸ್‌ಗೆ ಸಹಾಯಕ ಪಾದ್ರಿ ಸಿಗಲಿಲ್ಲ. ಆರೋಗ್ಯ ಕುಸಿಯಿತು, 1876ರಲ್ಲಿ ತೀರಿಕೊಂಡರು. ಇದನ್ನು ತಿಳಿದ ಮೇಲೆ ಆಲ್ಟೋ (ಹೆಣ್ಣುದನಿಯ ತಗ್ಗು ಸ್ಥಾಯಿ), ಟೆನರ್ (ಗಂಡುದನಿಯ ಏರು ಸ್ಥಾಯಿ) ಸಾಲುಗಳನ್ನು ಒಂದೊಂದಾಗಿ, ನಿಧಾನವಾಗಿ ಹಾಡಿಸಿ.