ಗೇಟು ತೆರೆದ ಮೇಲೆ ಉಳಿದ ಕೆಲಸ

ತರಗತಿಗಳು ಮುಗಿದ ಮೇಲೆ ಶಾಲೆಯ ಮೈದಾನ, ಸಭಾಂಗಣ ಮತ್ತು ಗ್ರಂಥಾಲಯವನ್ನು ಸುತ್ತಲಿನ ಜನರಿಗೂ ತೆರೆದಿಡಬೇಕೆಂದು ನಮ್ಮ ಆಡಳಿತ ಮಂಡಳಿ ತೀರ್ಮಾನಿಸಿದಾಗ, ದೈಹಿಕ ಶಿಕ್ಷಣ ಶಿಕ್ಷಕನಾದ ನನ್ನ ಮೇಲೆ ಅದರ ಹೊಣೆ ಬಿತ್ತು. ಸಂಜೆ ಐದರಿಂದ ಎಂಟರವರೆಗೆ ಯಾರು ಬೇಕಾದರೂ ಬರಬಹುದು ಎಂದು ಫಲಕ ಬರೆಸಿ ಗೇಟಿಗೆ ತೂಗುಹಾಕಿದೆವು. ಮೂರು ವಾರ ಕಳೆಯುವಷ್ಟರಲ್ಲಿ ಇಡೀ ಮೈದಾನ ಚೆಂಡಾಟ ಬಲ್ಲ ಯುವಕರ ಪಾಲಾಗಿತ್ತು. ನಡೆದಾಡಲು ಬಂದ ವೃದ್ಧರು ಚೆಂಡಿನ ಪೆಟ್ಟಿಗೆ ಹೆದರಿ ಅಂಚಿನಲ್ಲೇ ನಿಂತು ಹಿಂದಿರುಗಿದರು. ಹೆಂಗಸರು ಎರಡು ದಿನ ಬಂದು ನಿಲ್ಲಿಸಿದರು. ಗಾಲಿಕುರ್ಚಿ ಬಳಸುವವರಾಗಲಿ, ದೃಷ್ಟಿಯಿಲ್ಲದವರಾಗಲಿ ಒಬ್ಬರೂ ಬರಲಿಲ್ಲ. ಇದರಲ್ಲಿ ಯುವಕರ ತಪ್ಪೇನೂ ಇರಲಿಲ್ಲ. ಎಲ್ಲರಿಗೂ ಎಂದು ಬರೆದು ಸುಮ್ಮನಾದ ನಾವೇ, ಮೊದಲು ಓಡಿ ಬಂದವರಿಗೆ ಎಂಬ ನಿಯಮವನ್ನು ಹೇಳದೆಯೇ ಜಾರಿಗೆ ತಂದಿದ್ದೆವು.

ವಿಕಲಚೇತನರ ಹಕ್ಕುಗಳ ಕುರಿತು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ 30ನೇ ವಿಧಿಯನ್ನು ನಾನು ಓದಿದ್ದು ಆಗಲೇ. ಕ್ರೀಡೆ ಮತ್ತು ಮನರಂಜನೆಯಲ್ಲಿ ಪಾಲ್ಗೊಳ್ಳುವುದನ್ನು ಅದು ಹಕ್ಕಿನ ವಿಷಯವಾಗಿ ಕಾಣುತ್ತದೆ. ಮಕ್ಕಳ ಆಟದ ಮಾತು ಬಂದಾಗ ಶಾಲೆಯೊಳಗಿನ ಆಟವನ್ನೂ ಹೆಸರಿಸುತ್ತದೆ. ನಾವು ಜನರಿಗೆ ಏನೋ ಉಪಕಾರ ಮಾಡುತ್ತಿದ್ದೇವೆಂಬ ಭಾವನೆ ಅದನ್ನು ಓದಿದ ಮೇಲೆ ನನ್ನಲ್ಲಿ ಉಳಿಯಲಿಲ್ಲ.

ಮುಂದೆ ಮಾಡಿದ ಮೊದಲ ಕೆಲಸವೆಂದರೆ, ಗಾಲಿಕುರ್ಚಿ ಬಳಸುವ ಒಬ್ಬ ತಾಯಿಯನ್ನೂ ದೃಷ್ಟಿಯಿಲ್ಲದ ಒಬ್ಬ ಹಳೆಯ ವಿದ್ಯಾರ್ಥಿಯನ್ನೂ ಕರೆದು, ರಸ್ತೆಯಿಂದ ಶೌಚಾಲಯದವರೆಗೆ ಅವರ ಹಿಂದೆಯೇ ನಡೆದದ್ದು. ಹತ್ತು ವರ್ಷ ದಿನವೂ ಓಡಾಡಿದ ಆವರಣವನ್ನು ಅಂದು ನಾನು ಹೊಸದಾಗಿ ಕಂಡೆ. ದೊಡ್ಡ ಗೇಟಿಗೆ ಬೀಗ ಹಾಕಿ ಪಕ್ಕದ ಕಿರುಬಾಗಿಲನ್ನಷ್ಟೇ ತೆರೆಯುತ್ತಿದ್ದುದರಿಂದ ಆ ತಾಯಿಗೆ ಒಳಬರಲೇ ಆಗಲಿಲ್ಲ. ಶೌಚಾಲಯದ ಬಾಗಿಲು ಒಳಮುಖವಾಗಿ ತೆರೆಯುತ್ತಿತ್ತು. ಗಾಲಿಕುರ್ಚಿ ಒಳಹೋದರೆ ಅದನ್ನು ಮುಚ್ಚಲು ಸಾಧ್ಯವಿರಲಿಲ್ಲ. ಹಳೆಯ ವಿದ್ಯಾರ್ಥಿ ಗೋಡೆಯ ಗುಂಟ ಕೋಲಿನಿಂದ ದಾರಿ ಅರಸುತ್ತ ನಡೆದಾಗ, ಹೊರಕ್ಕೆ ತೆರೆದಿದ್ದ ಕಿಟಕಿಯ ಬಾಗಿಲು ಸರಿಯಾಗಿ ಅವರ ಹಣೆಯ ಎತ್ತರಕ್ಕೆ ಬಂದಿತ್ತು. ನೆಲವನ್ನು ತಡಕುವ ಕೋಲಿಗೆ ಅಂಥ ಅಡ್ಡಿ ಸಿಗುವುದಿಲ್ಲವೆಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇಳಿಜಾರಿನ ವಿಷಯದಲ್ಲಿ ನಾನೇ ತಪ್ಪಿದೆ. ಸಭಾಂಗಣದ ಜಗಲಿ ನೆಲದಿಂದ 45 ಸೆಂಟಿಮೀಟರ್ ಎತ್ತರದಲ್ಲಿತ್ತು. ಜಾಗ ಉಳಿಯಲೆಂದು ಎರಡೂವರೆ ಮೀಟರ್ ಉದ್ದದ ರ‍್ಯಾಂಪ್ ಕಟ್ಟಿಸಿದೆ. ಅದನ್ನು ಹತ್ತಲು ಆ ತಾಯಿಗೆ ಹಿಂದಿನಿಂದ ಇಬ್ಬರು ತಳ್ಳಬೇಕಾಯಿತು, ಇಳಿಯುವಾಗ ಕುರ್ಚಿ ಕೈಮೀರಿ ಜಾರಿತು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬ ಸಾಮಾನ್ಯ ಅಳತೆಯ ಪ್ರಕಾರ ನಮಗೆ 5.4 ಮೀಟರ್ ಬೇಕಿತ್ತು. ಕಟ್ಟಿದ್ದನ್ನು ಒಡೆಸಿ ಮತ್ತೆ ಕಟ್ಟಿಸಿದೆವು. ಮೇಲ್ತುದಿಯಲ್ಲಿ ಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಸಮತಟ್ಟಾದ ಜಾಗ, ಎರಡೂ ಬದಿಗೆ ಕೈಹಿಡಿಕೆ ಸೇರಿಸಿದೆವು. ಮೊದಲೇ ಅವರನ್ನು ಕೇಳಿದ್ದರೆ ಒಂದೇ ಖರ್ಚಿನಲ್ಲಿ ಮುಗಿಯುತ್ತಿತ್ತು.

ಕಟ್ಟಡಕ್ಕಿಂತ ವೇಳಾಪಟ್ಟಿ ಹೆಚ್ಚು ಕಷ್ಟ ಕೊಟ್ಟಿತು, ಹೆಚ್ಚು ಫಲವನ್ನೂ ಕೊಟ್ಟಿತು. ದೃಷ್ಟಿಯಿಲ್ಲದವರಿಗೆ ಗೋಲ್‌ಬಾಲ್ ಆಡಿಸೋಣ ಎಂದು ಸೂಚಿಸಿದವರು ಆ ಹಳೆಯ ವಿದ್ಯಾರ್ಥಿಯೇ. ಒಂದು ತಂಡ ಚೆಂಡನ್ನು ಎದುರು ತಂಡದ ಗೋಲಿನತ್ತ ಉರುಳಿಸುವ, ಎದುರು ತಂಡ ಅದನ್ನು ಮೈಯೊಡ್ಡಿ ತಡೆಯುವ ಆಟವದು. ಅದರ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ, ಅಂದರೆ ಸಭಾಂಗಣದಲ್ಲಿ ಆಗಲೇ ಗುರುತು ಮಾಡಿದ್ದ ವಾಲಿಬಾಲ್ ಅಂಕಣದಷ್ಟೇ. ಗೆರೆಯ ಮೇಲೆ ದಾರವಿಟ್ಟು ಅದರ ಮೇಲೆ ಟೇಪು ಅಂಟಿಸಿದರೆ ಕೈಗೂ ಕಾಲಿಗೂ ಗೆರೆ ತಿಳಿಯುತ್ತದೆ. ಆಟಗಾರರೆಲ್ಲರೂ ಕಣ್ಣಿಗೆ ಪಟ್ಟಿ ಧರಿಸುವುದರಿಂದ ಕಣ್ಣಿದ್ದವರೂ ಅಭ್ಯಾಸಕ್ಕೆ ಸೇರಿಕೊಳ್ಳಬಹುದು. ಆದರೆ ಗೆಜ್ಜೆ ಕಟ್ಟಿದಂತೆ ಸದ್ದು ಮಾಡುವ ಚೆಂಡನ್ನು ಕಿವಿಯಿಂದಲೇ ಹಿಡಿಯಬೇಕು. ಹೊರಗೆ ಬ್ಯಾಸ್ಕೆಟ್‌ಬಾಲ್ ಆಡುವವರ ಕೂಗಿನ ನಡುವೆ ಅದು ಕೇಳಿಸಲೇ ಇಲ್ಲ. ವಾರದಲ್ಲಿ ಎರಡು ಸಂಜೆ ಬ್ಯಾಸ್ಕೆಟ್‌ಬಾಲ್ ಅಂಕಣವನ್ನು ನಿಶ್ಶಬ್ದವಾಗಿಡಬೇಕೆಂದಾಗ ಯುವಕರು ಸಿಡಿಮಿಡಿಗೊಂಡರು. ನಾನು ಅವರಿಗೆ ಉಪದೇಶ ಮಾಡಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಂದು ಸಂಜೆ ಆಡಿ ನೋಡಿ ಎಂದೆ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ಪುನಶ್ಚೇತನಕ್ಕಾಗಿ 1946ರಲ್ಲಿ ರೂಪುಗೊಂಡ ಆಟ 1976ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ ಎಂಬ ಸಂಗತಿಯೂ ಅವರ ಕುತೂಹಲ ಕೆರಳಿಸಿತು. ಒಂದೂಕಾಲು ಕಿಲೋ ತೂಕದ ಚೆಂಡಿಗೆ ಮೈಯೊಡ್ಡಿ ತಡೆದ ಆ ಸಂಜೆಯ ನಂತರ ಅವರಲ್ಲಿ ಮೂವರು ಇಂದಿಗೂ ಅಭ್ಯಾಸಕ್ಕೆ ಬರುತ್ತಾರೆ.

ವಾಲಿಬಾಲ್ ಕಂಬಗಳಿಗೆ ಕೆಳಗೊಂದು ಜೊತೆ ಕೊಕ್ಕೆ ಹಾಕಿಸಿದ್ದರಿಂದ ಕುಳಿತು ಆಡುವ ವಾಲಿಬಾಲ್ ಕೂಡ ಸಾಧ್ಯವಾಯಿತು. ಅದರ ಬಲೆಯ ಎತ್ತರ ಪುರುಷರಿಗೆ 1.15 ಮೀಟರ್, ಮಹಿಳೆಯರಿಗೆ 1.05 ಮೀಟರ್. ಮಂಡಿನೋವಿನ ವೃದ್ಧರು ಇದಕ್ಕೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ನೆಲದಿಂದ ಏಳಲು ಅನುಕೂಲವಾಗಲೆಂದು ಅಂಕಣದ ಪಕ್ಕದಲ್ಲಿ ಗಟ್ಟಿಯಾದ ಬೆಂಚೊಂದನ್ನು ಇರಿಸಿದೆವು.

ಹೆಂಗಸರ ವಿಷಯದಲ್ಲಿ ಪ್ರತ್ಯೇಕ ಸಮಯ ಕೊಟ್ಟರೆ ಸಾಕೆಂದುಕೊಂಡಿದ್ದೆ. ಕೇಳಿದಾಗ ಅವರು ಹೇಳಿದ್ದು ಬೇರೆ: ಮೈದಾನದ ಹಿಂಬದಿಗೆ ಬೆಳಕು ಬೇಕು, ಶೌಚಾಲಯದ ಕೀಲಿ ಯಾರನ್ನೂ ಕೇಳದೆ ಸಿಗಬೇಕು, ಮಕ್ಕಳನ್ನು ಜೊತೆಗೆ ಕರೆತರಲು ಬಿಡಬೇಕು. ಮೂರನ್ನೂ ಮಾಡಿದ ಮೇಲೆ ಪ್ರತ್ಯೇಕ ಸಮಯದ ಅಗತ್ಯ ಅರ್ಧದಷ್ಟು ತಗ್ಗಿತು.

ಗದ್ದಲ ತಾಳಲಾರದ ಮಕ್ಕಳಿಗಾಗಿ ಶನಿವಾರ ಬೆಳಿಗ್ಗೆ ಒಂದು ಗಂಟೆ ಮೀಸಲಿಟ್ಟೆವು. ಮೊದಲ ಶನಿವಾರವೇ ತರಗತಿಯ ಗಂಟೆ ತನ್ನ ಪಾಡಿಗೆ ತಾನು ಬಾರಿಸಿ, ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತುಬಿಟ್ಟ. ಯಂತ್ರವನ್ನು ನಿಲ್ಲಿಸುವುದು ನೆನಪಿರಲಿಲ್ಲವೆಂಬ ಕೊರಗು ನನಗೆ ಈಗಲೂ ಇದೆ. ಈಗ ಸ್ವಿಚ್ಚಿನ ಬಳಿಯೇ ಚೀಟಿ ಅಂಟಿಸಲಾಗಿದೆ.

ಶಾಲೆಯ ಮಕ್ಕಳ ಸುರಕ್ಷತೆಯ ಬಗ್ಗೆ ಪೋಷಕರು ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಅದನ್ನು ಹಗುರವಾಗಿ ಕಾಣಬಾರದು. ಕೊನೆಯ ತರಗತಿಗೂ ಹೊರಗಿನವರ ಪ್ರವೇಶಕ್ಕೂ ನಡುವೆ ಅರ್ಧ ಗಂಟೆ ಬಿಟ್ಟೆವು, ತರಗತಿಗಳಿರುವ ಭಾಗಕ್ಕೆ ಬೀಗ ಹಾಕಿದೆವು, ಬಂದವರ ಹೆಸರು ಬರೆದುಕೊಳ್ಳುವ ಪುಸ್ತಕ ಇಟ್ಟೆವು. ಓದುಬರಹ ಬಾರದವರಿಗೆ ಕಾವಲುಗಾರರೇ ಬರೆದುಕೊಡುತ್ತಾರೆ. ಸಮಯ ಕಾಯ್ದಿರಿಸುವುದಕ್ಕೂ ಅರ್ಜಿಯೊಂದೇ ದಾರಿಯಲ್ಲ. ಬಾಯಿಮಾತಲ್ಲಿ ಹೇಳಬಹುದು, ಕಿವಿ ಕೇಳದವರು ಸಂದೇಶ ಕಳುಹಿಸಬಹುದು. ಕಾವಲುಗಾರರ ಮತ್ತು ಸ್ವಚ್ಛತಾ ಸಿಬ್ಬಂದಿಯ ಹೆಚ್ಚುವರಿ ದುಡಿಮೆಗೆ ಸಂಬಳ ನಿಗದಿಯಾಗುವವರೆಗೆ ಹೊಸ ಗುಂಪುಗಳನ್ನು ಸೇರಿಸಿಕೊಳ್ಳುವುದಿಲ್ಲವೆಂದು ನಾನು ಪಟ್ಟು ಹಿಡಿದೆ, ಏಕೆಂದರೆ ಪುಕ್ಕಟೆ ದುಡಿಸಿಕೊಂಡ ಸೌಲಭ್ಯ ಹೆಚ್ಚು ದಿನ ಬಾಳುವುದಿಲ್ಲ.

ಗ್ರಂಥಾಲಯ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಸದ್ಯಕ್ಕೆ ದಿನಪತ್ರಿಕೆಗಳನ್ನೂ ಎರಡು ಕಪಾಟು ಪುಸ್ತಕಗಳನ್ನೂ ಕೆಳಗಿನ ಕೋಣೆಗೆ ಇಳಿಸಿದ್ದೇವೆ. ಯಾವ ಪುಸ್ತಕಗಳು ಕೆಳಗೆ ಬರಬೇಕೆಂಬುದನ್ನು ಪ್ರತಿ ತಿಂಗಳು ಗಾಲಿಕುರ್ಚಿಯ ಆ ತಾಯಿ ಪಟ್ಟಿಯಿಂದ ಆರಿಸಿಕೊಡುತ್ತಾರೆ, ಎಂಟನೇ ತರಗತಿಯ ಮಕ್ಕಳು ಹೊತ್ತು ತರುತ್ತಾರೆ.