ಟೇಪಿನಲ್ಲಿ ನನ್ನದೇ ದನಿ

ಕೌನ್ಸೆಲಿಂಗ್ ಶುರು ಮಾಡಿದ ಹೊಸದರಲ್ಲಿ ಒಂದು ಸೆಷನ್ನನ್ನು, ಬಂದವರ ಒಪ್ಪಿಗೆ ಪಡೆದು, ರೆಕಾರ್ಡ್ ಮಾಡಿಕೊಂಡಿದ್ದೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1940ರ ಸುಮಾರಿಗೇ ಹೀಗೆ ಸೆಷನ್‌ಗಳನ್ನು ರೆಕಾರ್ಡ್ ಮಾಡಿ ಕಲಿಕೆಗೆ ಬಳಸುತ್ತಿದ್ದರು. ನಾನೂ ಇಯರ್‌ಫೋನ್ ಹಾಕಿಕೊಂಡು ಮಾತು ಮಾತೂ ಬರೆದುಕೊಂಡೆ. 50 ನಿಮಿಷದಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನದೇ ದನಿ!

ಬಂದವರು ಆಗಷ್ಟೇ ರಿಟೈರ್ ಆಗಿದ್ದರು. (ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ.) "ಬೆಳಿಗ್ಗೆ ಎದ್ರೆ ಏನು, ಏಳದಿದ್ರೆ ಏನು ಮೇಡಂ" ಅಂದಿದ್ದರು. ಅಷ್ಟು ಸಾಕಾಯಿತು ನನಗೆ. ವಾಕಿಂಗ್ ಹೋಗಿ, ಏನಾದರೂ ಕಲಿಯಿರಿ, ನಾಲ್ಕು ಜನರ ಜೊತೆ ಬೆರೆಯಿರಿ ಅಂತ ಶುರು ಮಾಡಿಬಿಟ್ಟೆ. ಬದುಕಿನ ಅರ್ಥವನ್ನು ಇನ್ನೊಬ್ಬರು ಕೊಡಲು ಬರುವುದಿಲ್ಲ, ಅವರವರೇ ಕಂಡುಕೊಳ್ಳಬೇಕು ಎಂದು ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಬರೆದದ್ದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಅವರು ಪ್ರತಿಯೊಂದಕ್ಕೂ "ಹೂಂ, ನೋಡೋಣ" ಅನ್ನುತ್ತಿದ್ದರು. ಆ "ನೋಡೋಣ" ಟೇಪಿನಲ್ಲಿ ಏಳು ಸಲ ಇತ್ತು.

ಮುಂದಿನ ವಾರ ಸಲಹೆ ಕೊಡಬಾರದು ಅಂತ ಗಟ್ಟಿಮಾಡಿಕೊಂಡು ಕೂತೆ. ಸುಮ್ಮನಿರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಒಂದು ನಿಮಿಷ ಮೌನ ಅಂದರೆ ಗಡಿಯಾರ ನಿಂತೇ ಹೋಗಿದೆಯೇನೋ ಅನ್ನಿಸುತ್ತದೆ. ಅವರು ಕೀಗೊಂಚಲನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಿದ್ದರು. ಮನೆಯ ಸಮಾಚಾರ ಸ್ವಲ್ಪ ಹೇಳಿದರು. ನನಗೋ, ನಿಜ ಹೇಳಬೇಕೆಂದರೆ, ಆಕಳಿಕೆ ಬರುವ ಹಾಗಿತ್ತು.

ಥೆರಪಿ ಫಲಿಸಬೇಕಾದರೆ ಏನೇನಿರಬೇಕು ಅಂತ 1957ರ ಲೇಖನದಲ್ಲಿ ರೋಜರ್ಸ್ ಹೇಳುವ ಷರತ್ತುಗಳಲ್ಲಿ ಒಂದು, ಥೆರಪಿಸ್ಟ್ ತನ್ನ ಒಳಗಿನದಕ್ಕೆ ಸುಳ್ಳಾಗದೆ ಇರುವುದು. ಹಾಗಂತ "ಬೋರ್ ಆಗ್ತಿದೆ" ಅನ್ನೋಕಾಗುತ್ತಾ? ಆ ಆಕಳಿಕೆ ಏನು ಹೇಳುತ್ತಿದೆ ಅಂತ ಸ್ವಲ್ಪ ಹೊತ್ತು ನೋಡಿಕೊಂಡೆ. ಆಮೇಲೆ, "ನೀವು ಮಾತಾಡ್ತಾ ಇದೀರಿ, ಆದ್ರೆ ಎಲ್ಲೋ ದೂರ ಇದೀರಿ ಅನ್ನಿಸ್ತಿದೆ ನನಗೆ" ಅಂದೆ.

ಕೀಗೊಂಚಲು ನಿಂತಿತು.

ತುಂಬಾ ಹೊತ್ತಾದ ಮೇಲೆ ಹೇಳಿದರು: "ಕೆಲಸ ಹೋಯ್ತು ಅಂತ ಬೇಜಾರಿಲ್ಲ ಮೇಡಂ. ಆ ಕೆಲಸ ನನಗೆ ಒಂದು ದಿನಾನೂ ಇಷ್ಟ ಇರಲಿಲ್ಲ. ಬಿಡಬಹುದಿತ್ತು. ಬಿಡಲಿಲ್ಲ."

"ಮಕ್ಕಳನ್ನ ಓದಿಸಿದ್ರಲ್ಲ" ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಂದಿದ್ದರೆ ಅವರು ಮತ್ತೆ "ಹೂಂ" ಅಂದು ಎದ್ದು ಹೋಗುತ್ತಿದ್ದರು. ಮನೋವೈದ್ಯ ಅರ್ವಿನ್ ಯಾಲಮ್, ಮನುಷ್ಯರೆಲ್ಲರನ್ನೂ ಒಳಗೇ ಕಾಡುವಂಥವು ಸಾವು, ಸ್ವಾತಂತ್ರ್ಯ, ಒಂಟಿತನ, ಅರ್ಥವಿಲ್ಲದಿರುವಿಕೆ ಅಂತ ನಾಲ್ಕನ್ನು ಪಟ್ಟಿ ಮಾಡಿದ್ದಾರೆ. ಸ್ವಾತಂತ್ರ್ಯ ಹೇಗೆ ಹೆದರಿಕೆಯ ವಿಷಯವಾಗುತ್ತೆ ಅಂತ ಓದುವಾಗ ನನಗೆ ಹೊಳೆದಿರಲಿಲ್ಲ. "ಬಿಡಬಹುದಿತ್ತು" ಅನ್ನುವಾಗ ಅವರ ಗಂಟಲು ಕಟ್ಟಿತಲ್ಲ, ಆಗ ಹೊಳೆಯಿತು.

ಎಲ್ಲರ ಜೊತೆಗೂ ಹೀಗೆ ಬಾಯಿ ಮುಚ್ಚಿಕೊಂಡು ಕೂರುವಂತಿಲ್ಲ. ಸಾಯುವ ಯೋಚನೆ ಇದೆಯಾ ಅಂತ ಮೊದಲ ದಿನವೇ ಇವರನ್ನು ನೇರವಾಗಿ ಕೇಳಿದ್ದೆ. ಇದ್ದಿದ್ದರೆ ಮೊದಲು ಸುರಕ್ಷತೆ, ಮನೋವೈದ್ಯರು. ತತ್ವದ ಮಾತೆಲ್ಲ ಆಮೇಲೆ.

ಅವತ್ತು ಹೊರಡುವಾಗ ಬಾಗಿಲಲ್ಲಿ ನಿಂತು, "ಇವತ್ತು ನೀವು ಏನೂ ಹೇಳಲೇ ಇಲ್ಲವಲ್ಲ" ಅಂದರು. ದೂರೋ ಮೆಚ್ಚುಗೆಯೋ ತಿಳಿಯಲಿಲ್ಲ. ಮುಂದಿನ ವಾರ ಹತ್ತು ನಿಮಿಷ ಮುಂಚೆಯೇ ಬಂದು ಕೂತಿದ್ದರು.